ಖಾನಾವಳಿ ಮನೆಯ ಹಸಿ ಊಟ

ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಹೆಸರುಕಾಳು ಮೊಳಕೆಯೊಡೆಯುವಾಗ ಒಂದು ವಾಸನೆ ಬರುತ್ತದೆ. ಹಸಿಮಣ್ಣು ಮತ್ತು ಹಾಲು ಸ್ವಲ್ಪ ಸ್ವಲ್ಪ ಬೆರೆತಂಥ ವಾಸನೆ. ಮೂಗಿಗಿಂತ ಮೊದಲು ಗಂಟಲಿಗೇ ತಾಗುತ್ತದೆ. ಮೊನ್ನೆ ಕಡೂರಿನಲ್ಲಿ ನಮ್ಮ ಪಕ್ಕದ ಮನೆಯ ಮಂಜುಳಾ ಕಾಂಪೌಂಡಿನ ಮೇಲಿಂದ ಒಂದು ಡಬ್ಬಿ ಚಾಚಿ, "ಆಂಟೀ, ಇದನ್ನ ಬೇಯಿಸ್ಬಾರ್ದಂತೆ, ಹಂಗೇ ತಿನ್ಬೇಕಂತೆ. ಮೊಬೈಲಲ್ಲಿ ಒಬ್ರು ಹೇಳ್ತಾರೆ, ಎಷ್ಟು ಚೆನ್ನಾಗಿ ಹೇಳ್ತಾರೆ ಗೊತ್ತಾ" ಎಂದಳು. ಮುಚ್ಚಳ ತೆಗೆದೆ. ಆ ವಾಸನೆ ಬಂತು ನೋಡಿ, ಅರವತ್ತು ದಾಟಿ ಮೊಮ್ಮಕ್ಕಳನ್ನು ಕಂಡ ಹೆಂಗಸು ನಾನು, ಪಾಪದ ಆ ಹುಡುಗಿಯ ಮೇಲೆ ಹರಿಹಾಯ್ದೆ. "ನಿನ್ನ ಮೊಬೈಲಿನವ್ನು ಹುಟ್ಟೋಕ್ ಮುಂಚೆನೇ ನಮ್ಮಪ್ಪ ಇದನ್ನ ಊರೂರಿಗೆ ಹೇಳ್ಕೊಂಡ್ ತಿರುಗ್ತಿದ್ದ ಕಣೇ!" ಏನು ಮಾಡಲಿ, ನಮ್ಮಪ್ಪನ ಮಾತನ್ನು ಇನ್ನೊಬ್ಬರು ತಮ್ಮದೆಂದು ಆಡಿದರೆ ನನಗೆ ಈಗಲೂ ತಡೆಯುವುದಿಲ್ಲ. ಹೊಟ್ಟೆಕಿಚ್ಚು ಅನ್ನಿ, ಬೇಜಾರಿಲ್ಲ. ನಿಮಗೂ ಒಬ್ಬ ಅಪ್ಪನಿದ್ದು, ಅವನನ್ನು ಊರೇ ಹಂಚಿಕೊಂಡಿದ್ದರೆ ನಿಮಗೆ ಗೊತ್ತಾಗುತ್ತಿತ್ತು.

ಅಜ್ಜಂಪುರದಲ್ಲಿ ರೈಲ್ವೆ ಸ್ಟೇಷನ್ನಿನಿಂದ ಪೇಟೆಗೆ ಬರುವ ದಾರಿಯಲ್ಲಿ ನಮ್ಮ ಖಾನಾವಳಿ ಇತ್ತು. ಮುಂದೆ ಖಾನಾವಳಿ, ಹಿಂದೆ ಮನೆ, ನಡುವೆ ಅಡುಗೆಮನೆ, ಎರಡಕ್ಕೂ ಅದೊಂದೇ. ಈಗ ಆ ಜಾಗದಲ್ಲಿ ಒಂದು ಮೊಬೈಲ್ ಅಂಗಡಿ, ಅದಕ್ಕೆ ಅಂಟಿಕೊಂಡು ಒಂದು ಎಟಿಎಂ. ಆ ಕಡೆ ಹೋದಾಗಲೆಲ್ಲ ಗಾಜಿನ ಬಾಗಿಲ ಹೊರಗೆ ನಿಂತು, ಅವ್ವನ ಒಲೆ ಇದ್ದದ್ದು ಇಲ್ಲೇ ಅಲ್ಲವೇ ಎಂದು ಅಂದಾಜು ಮಾಡುತ್ತೇನೆ. ಅವ್ವ, ಅಂದರೆ ಪಾರ್ವತವ್ವ, ಬೆಳಕು ಹರಿಯುವ ಮೊದಲೇ ಆ ಒಲೆಯ ಮುಂದೆ ಕೂತುಬಿಡುತ್ತಿದ್ದಳು. ಜೋಳದ ರೊಟ್ಟಿ ಬಡಿಯುವ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ಆಮೇಲೆ ಒಂದೊಂದಾಗಿ ವಾಸನೆಗಳು ಏಳುತ್ತಿದ್ದವು: ಕೆಂಡದಲ್ಲಿ ಸುಡುತ್ತಿರುವ ಬದನೆಕಾಯಿ, ಹುರಿದ ಶೇಂಗಾ, ಬೆಳ್ಳುಳ್ಳಿ ಒಗ್ಗರಣೆ, ಹುರುಳಿಕಾಳು ಬೆಂದ ಕಟ್ಟು. ಈರುಳ್ಳಿ ಲೋಡು ಮಾಡಿಸಲು ಬಂದ ವ್ಯಾಪಾರಿಗಳು, ರೈಲಿಳಿದು ಬರುವ ಮೇಷ್ಟರುಗಳು, ಸಂತೆಗೆ ಬಂದ ಹಳ್ಳಿಯವರು, ಎಲ್ಲರೂ ಮಧ್ಯಾಹ್ನ ನಮ್ಮ ಬೆಂಚಿನ ಮೇಲೇ. ಅವರು ಉಂಡು ಏಳುವಾಗ ಅಡುಗೆಮನೆಯ ಕಡೆ ತಿರುಗಿ, "ಅವ್ವಾರೆ, ಇವತ್ತು ಬಸ್ಸಾರು ಬಾಳ ಚೆನ್ನಾಗಿತ್ತು" ಎಂದರೆ ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ಆವತ್ತು ನನಗೆ ರೊಟ್ಟಿಯ ಮೇಲೆ ಬೆಣ್ಣೆ ಜಾಸ್ತಿ ಬೀಳುತ್ತಿತ್ತು.

ಇಂಥ ಮನೆಯ ಯಜಮಾನ ನಮ್ಮಪ್ಪ ರುದ್ರಪ್ಪ. ಅವನಿಗೆ ಹೊಟ್ಟೆಹುಣ್ಣಿತ್ತು. ಗಲ್ಲಾಪೆಟ್ಟಿಗೆಯ ಹಿಂದೆ ಕೂತವನು ಮಾತಿನ ನಡುವೆಯೇ ಹೊಟ್ಟೆ ಹಿಡಿದುಕೊಂಡು ಬಗ್ಗಿಬಿಡುತ್ತಿದ್ದ. ಒಂದು ಸಲ ತೆಂಗಿನಕಾಯಿ ಕೊಳ್ಳಲು ತರೀಕೆರೆಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಹೀಗೇ ಬಗ್ಗಿ ಕೂತಿದ್ದನಂತೆ. ಪಕ್ಕದಲ್ಲಿ ನೆನೆಸಿದ ಕಡಲೆಬೀಜ ಮೆಲ್ಲುತ್ತಿದ್ದ ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು, "ಸ್ವಲ್ಪ ದಿನ ಒಲೆ ಮೇಲಿಂದು ಏನೂ ಮುಟ್ಬ್ಯಾಡಿ. ಆಮೇಲೂ ಹಿಂಗೇ ಇದ್ರೆ ನಂಗೆ ಬಂದು ಬಯ್ರಿ" ಎಂದರಂತೆ. ಅಪ್ಪ ಹಟದ ಮನುಷ್ಯ, ಮಾಡಿಯೇ ಬಿಟ್ಟ. ನೋವು ಹೋಯ್ತು. ಅದು ಹಸಿ ತಿಂದದ್ದಕ್ಕೋ, ಖಾರ ಬಿಟ್ಟದ್ದಕ್ಕೋ, ಯಾರು ಬಲ್ಲರು? ಆ ಮೇಷ್ಟ್ರನ್ನು ಹುಡುಕಿಕೊಂಡು ಎಷ್ಟೋ ಸಲ ತರೀಕೆರೆಗೆ ಹೋಗಿ ಬಂದ, ಅವರು ಸಿಗಲೇ ಇಲ್ಲ. ಸಿಗದಿದ್ದದ್ದೇ ಕಷ್ಟವಾಯ್ತು. ಸಿಕ್ಕಿದ್ದರೆ ಕೈಮುಗಿದು ಬಂದುಬಿಡುತ್ತಿದ್ದನೇನೋ. ಸಿಗಲಿಲ್ಲವಾಗಿ, ಅವರ ಮಾತನ್ನು ತಾನೇ ಊರಿಗೆಲ್ಲ ಹೇಳಲು ಹೊರಟ.

ಖಾನಾವಳಿಯಲ್ಲಿ ಕೂತುಕೊಂಡೇ ಶುರುಮಾಡಿದ. ಯಾರಾದರೂ ಬಿಸಿ ಸಾರಿಗೆ ಮುದ್ದೆ ಮುರಿಯುತ್ತಿದ್ದರೆ ಇವನು ಗಲ್ಲಾಪೆಟ್ಟಿಗೆಯಿಂದ, "ತಿನ್ನಿ, ತಿನ್ನಿ, ಬ್ಯಾಡ ಅನ್ನಲ್ಲ. ಆದ್ರೆ ಆ ಸಾರಿನಲ್ಲಿರೋ ಕಾಳನ್ನ ತಗಂಡೋಗಿ ಮಣ್ಣಿಗೆ ಹಾಕಿ ನೋಡಾನ. ಹುಟ್ಟುತ್ತಾ? ಹುಟ್ಟಲ್ಲ. ಸತ್ತೋಗೈತೆ ಕಣ್ರೀ ಅದು" ಎನ್ನುತ್ತಿದ್ದ. ಒಬ್ಬ ಈರುಳ್ಳಿ ವ್ಯಾಪಾರಿ ತಲೆಯೆತ್ತದೆ, "ಯಜಮಾನ್ರೇ, ಸತ್ತಿರೋದ್ನೇ ಇನ್ನೊಂದ್ ಸೌಟು ಹಾಕ್ಸಿ" ಎಂದಿದ್ದ. ಇಡೀ ಖಾನಾವಳಿ ನಕ್ಕಿತು. ಅಪ್ಪನೂ ನಕ್ಕ. ಅಡುಗೆಮನೆಯಲ್ಲಿ ಅವ್ವ ಮಾತ್ರ ನಗಲಿಲ್ಲ, ಸೌಟನ್ನು ಕುಕ್ಕಿದ ಸದ್ದು ಕೇಳಿಸಿತು.

ಅಪ್ಪನ ಕಾನೂನುಗಳು ಒಂದೆರಡಲ್ಲ. ಬೆಲ್ಲ ಕುದಿಸಿ ಮಾಡಿದ್ದು, ಆಗದು. ಅದರ ಬದಲು ಹೆಬ್ಬೆ ಕಾಡಿನ ಕಡೆಯಿಂದ ಬರುವ ಜೇನು. ಅವಲಕ್ಕಿ ಹುರಿದ ಭತ್ತದ್ದು, ಆಗದು. ಉಪ್ಪು ಬಿಸಿಲಲ್ಲಿ ಆದದ್ದು, ನಡೆಯುತ್ತದೆ. ಕಾಯಿಸಿದ ಹಾಲು ಆಗದು, ಕಾಯಿಸದ ಹಾಲು ಕರುವಿನದು, ಅದೂ ಆಗದು. ಹೀಗೆ ತೆಗೆದೂ ತೆಗೆದೂ ಉಳಿದದ್ದು ಮೊಳಕೆಕಾಳು, ನೆನೆಸಿದ ಕಡಲೆಬೀಜ, ಕಾಯಿಚೂರು, ಸೌತೆ, ಮೂಲಂಗಿ, ಗಜ್ಜರಿ, ಕುಂಬಳ, ಸೀಬೆಹಣ್ಣು, ಬಾಳೆಹಣ್ಣು. ಇದಕ್ಕೆ 'ಬಿಸಿಲೂಟ' ಎಂದು ಹೆಸರಿಟ್ಟ. ಸೂರ್ಯ ಒಂದು ಸಲ ಬೇಯಿಸಿದ್ದನ್ನು ನಾವು ಮತ್ತೆ ಬೇಯಿಸುವುದು ಅಧಿಕಪ್ರಸಂಗ ಎಂಬುದು ಅವನ ವಾದ. ಖಾನಾವಳಿಗೆ ರಜೆಯಿರುವ ದಿನ ಒಂದು ಚೀಲದಲ್ಲಿ ಗಜ್ಜರಿ ತುಂಬಿಕೊಂಡು ಕಡೂರಿಗೋ ತರೀಕೆರೆಗೋ ಬಸ್ಸು ಹತ್ತುತ್ತಿದ್ದ. ಮಠದ ಹಾಸ್ಟೆಲಿನ ಹುಡುಗರ ಮುಂದೆ, ಟೀ ಅಂಗಡಿಯ ಬೆಂಚಿನ ಮೇಲೆ, ಅಡಿಕೆ ಮಂಡಿಯ ಜಗಲಿಯಲ್ಲಿ ನಿಂತು ಗಜ್ಜರಿ ಕಟುಂ ಎಂದು ಕಚ್ಚಿ ಭಾಷಣ ಶುರು. ಮೊದಮೊದಲು 'ಹಸಿಕಾಳು ರುದ್ರಪ್ಪ' ಎಂದು ಆಡಿಕೊಂಡರು. ಆಮೇಲಾಮೇಲೆ ಅದೇ ಜನ ಮೊಣಕಾಲು ನೋವು, ಮಲಬದ್ಧತೆ, ತಲೆಸುತ್ತು ಅಂತ ಹುಡುಕಿಕೊಂಡು ಅಜ್ಜಂಪುರಕ್ಕೇ ಬರತೊಡಗಿದರು. ಬಂದವರು ಅಪ್ಪನ ಮಾತು ಕೇಳಿ ತಲೆದೂಗಿ, ಆಮೇಲೆ ಮುಂದಿನ ಕೋಣೆಗೆ ಬಂದು ಅವ್ವನ ಕೈಯ ರೊಟ್ಟಿ ಎಣ್ಣೆಗಾಯಿ ಗಡದ್ದಾಗಿ ಹೊಡೆದು ಹೋಗುತ್ತಿದ್ದರು. ಹಾಗಾಗಿ ವ್ಯಾಪಾರಕ್ಕೇನೂ ಕುಂದಾಗಲಿಲ್ಲ.

ಕುಂದಾದದ್ದು ಅವ್ವನಿಗೆ. ಊರಿಗೆಲ್ಲ ಬಡಿಸುವ ಕೈ ಗಂಡನಿಗೆ ಬೇಡವಾಯ್ತಲ್ಲ! ಅವಳಿಗೆ ಸವತಿ ಇರಲಿಲ್ಲ. ಕಾಳು ಕಟ್ಟುವ ಆ ಒದ್ದೆ ಬಟ್ಟೆಯನ್ನೇ ಸವತಿಯನ್ನು ನೋಡಿದಂತೆ ನೋಡುತ್ತಿದ್ದಳು. ಒಂದು ಸಂಜೆ, ಸೋತು, "ಆಯ್ತು ಕಣ್ರೀ, ಬೇಯ್ಸಿದ್ದು ಬ್ಯಾಡ. ಆ ಕಾಳನ್ನಾದ್ರೂ ನಾನೇ ನೆನೆಸಿ ಕೊಡ್ತೀನಿ, ತನ್ನಿ ಇತ್ಲಾಗೆ" ಎಂದಳು. ಅಪ್ಪ ಪಾತ್ರೆಯನ್ನು ತನ್ನ ಕಡೆಗೆ ಎಳೆದುಕೊಂಡ. "ಬ್ಯಾಡ ಕಣೇ. ನಿನ್ ಕೈ ಒಲೆ ಕೈ. ಕಾಳಿಗೆ ಕಾವು ಹತ್ತುತ್ತೆ" ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವನಿಗೆ ಅದು ವಿಜ್ಞಾನ. ಆದರೆ ಅವ್ವ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡದ್ದು, ಎದ್ದು ಒಳಗೆ ಹೋದದ್ದು, ಆಮೇಲೆಂದೂ ಆ ಮಾತು ಎತ್ತದೇ ಇದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ನನ್ನ ಸಂಕಟ ಬೇರೆ. ಅಪ್ಪ ಹಸಿ ಹಿಡಿಯುವ ಮೊದಲು ಖಾನಾವಳಿಯ ಬಾಗಿಲು ಹಾಕಿ ಬಂದು ಉಣ್ಣಲು ಕೂತರೆ ಮೊದಲು ನನ್ನನ್ನು ಕೂಗುತ್ತಿದ್ದ. ನಾನು ಆಗಲೇ ಉಂಡಿದ್ದರೂ ಸರಿಯೇ. ಅನ್ನ, ಸಾರು, ತುಪ್ಪ ಕಲೆಸಿ, ಅದನ್ನು ಬೆರಳತುದಿಗೆ ತಂದು ಊದಿ ಊದಿ ಆರಿಸಿ ನನ್ನ ಬಾಯಿಗೆ ಒಂದು ತುತ್ತು. ಒಂದೇ ತುತ್ತು, ಎರಡನೆಯದಿಲ್ಲ. ಅವನ ಬೆರಳುಗಳಿಗೆ ಚಿಲ್ಲರೆ ಕಾಸಿನ ವಾಸನೆ, ವಿಭೂತಿಯ ವಾಸನೆ. ನಾನೊಬ್ಬಳೇ ಮಗಳು, ಅದು ನನ್ನ ಹಕ್ಕು ಎಂದುಕೊಂಡಿದ್ದೆ. ಹಸಿ ಊಟ ಬಂದ ಮೇಲೆ ಕಲೆಸುವುದಕ್ಕೇನಿದೆ, ಊದುವುದಕ್ಕೇನಿದೆ? ತುತ್ತು ನಿಂತುಹೋಯ್ತು. ಯಾರೂ ನಿಲ್ಲಿಸಲಿಲ್ಲ, ಅದಾಗಿಯೇ ನಿಂತಿತು. ಅವನು ಕಿಟಕಿಯ ಕೆಳಗೆ ಚಾಪೆ ಹಾಸಿಕೊಂಡು ಕೂತು ಒಂದೊಂದೇ ಕಾಳನ್ನು ಜಗಿಯುತ್ತಿದ್ದ. ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅವನ ದವಡೆ ಆಡುವುದನ್ನೇ ನೋಡುತ್ತಿದ್ದೆ.

ಆ ಚಾಪೆಯ ಮೇಲೆ ಬಂದು ಕೂತವಳು ಶಾರದಾ. ಅಂತರಘಟ್ಟೆಯವಳು, ನನ್ನದೇ ವಯಸ್ಸು. ಹುಟ್ಟಿದಾಗಿನಿಂದ ಉಬ್ಬಸ. ಅವಳ ಅಜ್ಜ ಒಂದು ದಿನ ಕರೆದುಕೊಂಡು ಬಂದು, "ಯಜಮಾನ್ರೇ, ಡಾಕ್ಟ್ರ ಮಾತ್ರೆನೂ ತಿಂತಾಳೆ, ತಿನ್ಲಿ. ನಿಮ್ಮ ಊಟಾನೂ ಒಂದಿಷ್ಟು ದಿನ ತಿನ್ಸಿ ನೋಡಿ" ಎಂದು ಬಿಟ್ಟುಹೋದರು. ಒಂದು ಬೇಸಿಗೆಗೆ ಎಂದು ಬಂದವಳು ಶಾಲೆಗೂ ನಮ್ಮೂರಿನಲ್ಲೇ ಸೇರಿದಳು. ಸಣ್ಣ ಕತ್ತು, ದೊಡ್ಡ ಕಣ್ಣು, ಮಾತಿನ ನಡುವೆ ಸಿಳ್ಳೆಯಂಥ ಉಸಿರು. ಬಂದ ಮಾರನೆಯ ದಿನವೇ ನಮ್ಮಪ್ಪನನ್ನು "ಅಪ್ಪಾಜಿ" ಎಂದಳು. ನಾನು ಬರೀ "ಅಪ್ಪ" ಅನ್ನುತ್ತಿದ್ದೆ, ಇವಳದು ಒಂದು ಕೈ ಮೇಲೆ! ಅಪ್ಪ ಅವಳಿಗೆ ಸೌತೆಕಾಯಿ ಕೊಡುವ ಚಂದ ನೋಡಬೇಕಿತ್ತು. ತೊಟ್ಟಿನ ಕಡೆ ಸಣ್ಣಗೆ ಕೊಯ್ದು, ಆ ಬಿಲ್ಲೆಯಿಂದಲೇ ತಿಕ್ಕಿ ತಿಕ್ಕಿ ಕಹಿಯ ನೊರೆ ತೆಗೆದು, ಸಿಪ್ಪೆ ಹೆರೆದು, ಉದ್ದಕ್ಕೆ ಸೀಳಿ, "ನಿಧಾನ ಜಗಿ ಮಗಾ, ಬಾಯಲ್ಲೇ ನೀರಾಗ್ಬೇಕು" ಎನ್ನುತ್ತಿದ್ದ. ನನ್ನ ಅಪ್ಪ ಇನ್ನೊಬ್ಬಳನ್ನು ಮಗಾ ಎನ್ನುವುದು! ನನಗೆ ಅವಳ ಉಬ್ಬಸದ ಮೇಲೂ ಮತ್ಸರ. ನನಗ್ಯಾಕೆ ಉಬ್ಬಸ ಬರಲಿಲ್ಲ ಎಂದು ಕೊಟ್ಟಿಗೆಯ ಹಿಂದೆ ನಿಂತು ಬೇಕಂತಲೇ ಏದುಸಿರು ಬಿಟ್ಟು ನೋಡುತ್ತಿದ್ದೆ. ಗುಂಡುಕಲ್ಲಿನಂತಿದ್ದೆ, ಏನೂ ಬರಲಿಲ್ಲ.

ಕೊನೆಗೆ ನಾನೂ ಹಸಿ ತಿನ್ನುತ್ತೇನೆಂದು ಹಟ ಹಿಡಿದು ಚಾಪೆಯ ಇನ್ನೊಂದು ತುದಿಗೆ ಹೋಗಿ ಕೂತೆ. ಅಪ್ಪನಿಗೆ ಎಷ್ಟು ಸಂತೋಷವಾಯ್ತು ಅಂದರೆ, ತನ್ನ ತಟ್ಟೆಯನ್ನೇ ನನ್ನ ಮುಂದೆ ತಳ್ಳಿದ. ಮೊಳಕೆ ಹುರುಳಿ ಒಗರು. ಮೂಲಂಗಿ ಮೂಗಿಗೆ ಹತ್ತಿತು. ಹಸಿ ಕುಂಬಳದ ಚೂರಂತೂ ಗಂಟಲಲ್ಲೇ ಕೂತಿತು. ಶಾರದಾ ಪಕ್ಕದಲ್ಲಿ ಕೂತು ಸಕ್ಕರೆಮಿಠಾಯಿ ತಿಂದಂತೆ ತಿನ್ನುತ್ತಿದ್ದಳು. ನಾನು ಕಣ್ಣಲ್ಲಿ ನೀರು ತುಂಬಿಕೊಂಡು ನುಂಗಿದೆ, ನುಂಗಿದೆ, ಆಮೇಲೆ ಎದ್ದು ಹಿತ್ತಲಿಗೆ ಓಡಿ ಎಲ್ಲವನ್ನೂ ಕಕ್ಕಿಬಿಟ್ಟೆ. ಅಪ್ಪ ಹಿಂದೆಯೇ ಬಂದು ಬೆನ್ನು ಸವರಿ, ಬಾಯಿ ತೊಳೆಸಿ, ತುಂಬ ಪ್ರೀತಿಯಿಂದಲೇ, "ಬಿಡವ್ವ, ನಿಂಗಿದು ಬ್ಯಾಡ. ನೀನು ನಿಮ್ಮವ್ವನ ಮಗಳು" ಎಂದ. ಅಷ್ಟೇ. ಬೈದಿದ್ದರೆ ಮರೆಯುತ್ತಿದ್ದೆ. ಅಡುಗೆಮನೆಗೆ ಹೋದೆ. ಅವ್ವ ಬಿಸಿ ರೊಟ್ಟಿ ಹಾಕಿ, ಅದರ ಮೇಲೆ ಎಣ್ಣೆಗಾಯಿ ಸುರಿದು, ನಾನು ಉಣ್ಣುವುದನ್ನು ಗೆದ್ದವಳ ಹಾಗೆ ನೋಡುತ್ತ ಕೂತಳು. ಆವತ್ತಿನಿಂದ ನಾವಿಬ್ಬರೂ ಒಂದು ಪಕ್ಷ. ಚಾಪೆಯವರದು ಒಂದು ಪಕ್ಷ.

ಶಾರದಾಳ ಉಸಿರು ಹದಕ್ಕೆ ಬಂತು. ಬಿಸಿಲೂಟದಿಂದ ಎಂದು ಅಪ್ಪ ಅಂದ. ವಯಸ್ಸಿಗೆ ಬಂದಂತೆ ತಾನೇ ಹೋಗುತ್ತೆ ಎಂದು ತರೀಕೆರೆಯ ಡಾಕ್ಟರು ಅಂದರು. ಅವಳು ಊರಿಗೆ ಹೋದಳು, ಮುಂದೆ ತರೀಕೆರೆಗೇ ಮದುವೆಯಾಗಿ ಹೋದಳು. ನಾನು ಕಡೂರಿಗೆ ಬಂದೆ. ನನ್ನ ಗಂಡನಿಗೆ ಟೈರಿನ ಅಂಗಡಿ, ದೇವರ ದಯೆಯಿಂದ ಬಿಸಿ ಊಟದ ಮನುಷ್ಯ. ಒಂದು ಸಲ ಯಾವುದೋ ಮದುವೆಗೆಂದು ತರೀಕೆರೆಗೆ ಹೋದಾಗ ಶಾರದಾ ಬಿಡದೆ ಮನೆಗೆ ಎಳೆದುಕೊಂಡು ಹೋದಳು. ದೇವರ ಗೂಡಿನಲ್ಲಿ ಶಿವನ ಪಟದ ಪಕ್ಕ ನಮ್ಮಪ್ಪನ ಫೋಟೋ! ಕೈಯಲ್ಲಿ ಗಜ್ಜರಿ ಹಿಡಿದು ನಗುತ್ತಿದ್ದಾನೆ, ಹಲ್ಲೆಲ್ಲ ಕಾಣುವಂತೆ. ನನ್ನ ಹತ್ತಿರ ಅಪ್ಪ ನಗುವ ಒಂದೂ ಫೋಟೋ ಇಲ್ಲ. "ಬಾಳ ಚೆನ್ನಾಗೈತಲ್ಲ ಲೀಲಾ?" ಎಂದಳು. "ಹೂಂ, ಧೂಳು ಕೂತೈತೆ" ಎಂದೆ. ಅವಳು ತಕ್ಷಣ ಸೆರಗಿನಿಂದ ಒರೆಸಿದಳು. ಕಾಫಿ ಕೂಡ ಕುಡಿಯದೆ ಬಸ್ಸು ಹತ್ತಿದೆ.

ಹಸಿ ತಿನ್ನುವವರಿಗೆ ಸಾವೇ ಇಲ್ಲ ಎಂದು ಅಪ್ಪನ ಹಿಂದೆ ಬಂದವರು ಕೆಲವರು ನಂಬಿದ್ದರೆಂದು ಕಾಣುತ್ತದೆ. ಒಂದು ಮಧ್ಯಾಹ್ನ ಅದೇ ಚಾಪೆಯ ಮೇಲೆ ಮಲಗಿದವನು ಏಳಲಿಲ್ಲ ಎಂದಾಗ ಅವರು ದುಃಖಕ್ಕಿಂತ ಹೆಚ್ಚಾಗಿ ಮೋಸಹೋದವರಂತೆ ನಿಂತಿದ್ದರು. ಖಾನಾವಳಿ ಆ ಹೊತ್ತಿಗಾಗಲೇ ಮುಚ್ಚಿತ್ತು. ಅವ್ವನಿಗೆ ಹಲ್ಲು ಹೋಗಿ, ಸೊಂಟ ಬಾಗಿತ್ತು. ಮಣ್ಣು ಮಾಡಿ ಬಂದ ಮೇಲೂ ಅವಳು ಅಳಲಿಲ್ಲ. ಬಂದವರೆಲ್ಲ ಅವಳ ಮುಂದೆ ಕೂತು ಅಪ್ಪನಿಂದ ತಮಗಾದ ಉಪಕಾರ ಹೇಳಿಕೊಂಡು ಅಳುತ್ತಿದ್ದರು. ಅವಳು ಎಲ್ಲರಿಗೂ "ಹೌದಾ, ಹೌದಾ" ಎನ್ನುತ್ತಿದ್ದಳು.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಅಪ್ಪನಿಗೆ ಮೊದಲ ಎಡೆ. ನಮ್ಮ ಕಡೆ ಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ತಟ್ಟೆಯಲ್ಲಿಟ್ಟು, ಹೊಸ ಪಂಚೆ ಇಟ್ಟು, ದೀಪ ಹಚ್ಚಿ, ಬಾಗಿಲೆಳೆದು ಎಲ್ಲರೂ ಹೊರಗೆ ಬಂದುಬಿಡುತ್ತೇವೆ. ಅವರು ಬಂದು ಉಂಡು ಹೋಗಲೆಂದು. ಸ್ವಲ್ಪ ಹೊತ್ತಿನ ಮೇಲೆ ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆದು, ಆ ಎಡೆಯನ್ನು ಮನೆಮಂದಿ ಹಂಚಿಕೊಂಡು ತಿನ್ನುವುದು. ನಾನು ಕಡೂರಿನಿಂದ ಎಳೇ ಬದನೆಕಾಯಿ, ತುಪ್ಪ, ಜೋಳದ ಹಿಟ್ಟು ಎಲ್ಲ ಕಟ್ಟಿಕೊಂಡು ಅಜ್ಜಂಪುರಕ್ಕೆ ಹೊರಟೆ. ನನ್ನ ಲೆಕ್ಕ ಸರಳ. ಬದುಕಿದ್ದಾಗ ಅವನ ಹಟ ನಡೆಯಿತು. ಈಗಲಾದರೂ ಅವ್ವ ಎಣ್ಣೆಗಾಯಿ ಮಾಡಿ ಇಡಲಿ, ಅವನು ನಮ್ಮ ಪಕ್ಷಕ್ಕೆ ಬರಲಿ. ಬಾಗಿಲಲ್ಲಿ ನೋಡಿದರೆ ಶಾರದಾ ನಿಂತಿದ್ದಾಳೆ, ಕೈಯಲ್ಲಿ ಬಟ್ಟೆಯ ಗಂಟು, ಜೇನಿನ ಶೀಶೆ. ಒಬ್ಬರ ಚೀಲ ಒಬ್ಬರು ನೋಡಿಕೊಂಡೆವು. ಇವತ್ತು ಆಗಿಯೇ ಹೋಗಲಿ ಎಂದು ಸೆರಗು ಸಿಕ್ಕಿಸಿಕೊಂಡೆ.

ಒಳಗೆ ಒಲೆ ಹಚ್ಚಿರಲಿಲ್ಲ. ಬೂದಿ ಬಳಿದು, ಸಾರಿಸಿ, ತಣ್ಣಗಿತ್ತು. ಅವ್ವ ನೆಲದ ಮೇಲೆ ಕೂತು ಸೌತೆಕಾಯಿಯ ಕಹಿ ತೆಗೆಯುತ್ತಿದ್ದಳು, ಥೇಟ್ ಅಪ್ಪನ ಹಾಗೆಯೇ, ಬಿಲ್ಲೆಯಿಂದ ತಿಕ್ಕಿ ತಿಕ್ಕಿ. ಪಕ್ಕದ ತಟ್ಟೆಯಲ್ಲಿ ಹೆಸರುಕಾಳು, ಅವನು ಇಷ್ಟಪಡುತ್ತಿದ್ದ ಹಾಗೆ ಮೊಳಕೆ ಆಗತಾನೇ ಬಾಲ ತೋರಿಸಿದ್ದು. ಕಡಲೆಬೀಜದ ಸಿಪ್ಪೆ ಸುಲಿದಿತ್ತು. ಕಾಯಿಚೂರು ಅವನ ಅಳತೆಗೇ ಇತ್ತು. ಇಷ್ಟನ್ನೂ ಅವಳು ಯಾವಾಗ ನೋಡಿ ಕಲಿತಳೋ! ಅಡುಗೆಮನೆಯ ಹೊಸ್ತಿಲ ಮೇಲಿಂದ ಅಷ್ಟು ವರ್ಷ ನಾನೊಬ್ಬಳೇ ನೋಡುತ್ತಿದ್ದೆ ಎಂದುಕೊಂಡಿದ್ದೆ. "ಅವ್ವಾ, ನಾನು ಮೊಳಕೆ ತಂದಿದ್ದೆ" ಎಂದಳು ಶಾರದಾ. "ಅಲ್ಲಿಡು. ಇದಕ್ಕೆ ಸೇರಿಸ್ಬ್ಯಾಡ" ಎಂದಳು ಅವ್ವ. ನಾನು ಬದನೆಕಾಯಿ ತೆಗೆದೆ. "ಅದೂ ಅಲ್ಲೇ ಇಡು" ಎಂದಳು.

ಎಡೆ ಇಟ್ಟಾಯ್ತು. ಬಾಗಿಲೆಳೆದು ಹೊರಗೆ ಪಡಸಾಲೆಯಲ್ಲಿ ಕೂತೆವು. ಅವ್ವ ಬಾಗಿಲಿಗೇ ಬೆನ್ನು ಕೊಟ್ಟು ಕೂತಿದ್ದಳು, ನಾವಿಬ್ಬರೂ ಎದುರಿನ ಗೋಡೆಗೆ ಒರಗಿ. ಸ್ವಲ್ಪ ಹೊತ್ತಾದ ಮೇಲೆ ಅವಳು ಕೆಮ್ಮಿ, ಬಾಗಿಲು ತೆಗೆದು ಒಳಗೆ ಹೋದಳು. ಪ್ರಸಾದ ಕೊಡುತ್ತಾಳೆಂದು ನಾವು ಎದ್ದು ಹೊಸ್ತಿಲ ಹೊರಗೆ ನಿಂತೆವು. ಇಬ್ಬರೂ ಕೈಯೊಡ್ಡಿದ್ದೆವು. ಮೊದಲು ನನ್ನ ಕೈಗೇ ಬೀಳಲೆಂದು ನಾನು ಒಂದಿಷ್ಟು ಮುಂದೆ ಚಾಚಿದ್ದೆ. ಅವ್ವ ತಟ್ಟೆಯನ್ನು ತನ್ನ ಮುಂದೆ ಎಳೆದುಕೊಂಡು, ಒಂದು ಹಿಡಿ ಕಾಳು ಬಾಯಿಗೆ ಹಾಕಿಕೊಂಡಳು. ಹಲ್ಲಿಲ್ಲದ ಬಾಯಿ. ಒಸಡಿನಲ್ಲಿ ಅರೆದು ಅರೆದು ನುಂಗಿ, ಇನ್ನೊಂದು ಹಿಡಿ ತೆಗೆದುಕೊಂಡಳು.

"ಅವ್ವಾ, ನಮಗೆ?" ಎಂದೆ.

ಅವಳು ತಲೆಯೆತ್ತಿದಳು. ಅಪ್ಪ ಹೋದ ಮೇಲೆ ಮೊದಲ ಸಲ ಅವಳ ಕೆನ್ನೆ ಒದ್ದೆಯಾಗಿದ್ದು ಕಂಡೆ. "ನೀನು ಮಗಳು ಅನ್ನಿಸ್ಕಂಡೆ. ಇವ್ಳಿಗೆ ಉಸಿರು ಕೊಟ್ರು. ನಂಗೇನ್ ಕೊಟ್ರೇ? ನನ್ ಕೈಯಿಂದು ಇವತ್ತು ಉಂಡವ್ರೆ. ಇದು ನಂದು, ಯಾರಿಗೂ ಕೊಡಲ್ಲ, ಹೋಗ್ರೇ" ಎಂದಳು.

ಶಾರದಾ ಕೈ ಇಳಿಸಿದಳು. ನಾನೂ ಇಳಿಸಿದೆ. ಆ ಮನೆ, ಆ ಒಲೆ, ಅವ್ವ, ಎಲ್ಲವೂ ಹೋಗಿ ಈಗ ಎಷ್ಟೋ ವರ್ಷವಾಯ್ತು. ಆದರೆ ಆವತ್ತು ಹೊಸ್ತಿಲ ಹೊರಗೆ ನಿಂತು ಅವಳನ್ನು ನೋಡುವಾಗ ನನಗಾದಷ್ಟು ಮತ್ಸರ ಶಾರದಾಳ ಮೇಲೂ ಆಗಿರಲಿಲ್ಲ. ಅವ್ವ ಅವಸರ ಮಾಡದೆ, ಕಡಲೆಬೀಜ, ಸೌತೆ, ಕಾಯಿಚೂರು ಒಂದೊಂದನ್ನೇ ತಿಂದು ಮುಗಿಸಿದಳು. ಆಮೇಲೆ ನಮ್ಮಲ್ಲಿ ಹಿರಿಯರು ಮಾಡುವಂತೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಎತ್ತಿ ಆ ನೀರನ್ನೂ ಕುಡಿದಳು.